ಹೆಣ್ಣು ಗೊತ್ತಾಯಿತು

ಆಕ್ಟೋಪಸ್ಸಿಗೆ ಮೂರು ಹೃದಯ ಎಂದು ಮಾತು ಶುರುಮಾಡಿದರೆ ಹೇಗೆ? ಬೇಡ. ಮೂರಿರುವ ಪ್ರಾಣಿಯ ಮಾತೆತ್ತಿ, ಇರುವ ಒಂದನ್ನೂ ಬಿಚ್ಚಲಾಗದೆ ನಿಲ್ಲಬೇಕಾಗುತ್ತದೆ. ತಗಡಿನ ಡಬ್ಬಿ ಬಂದು ನಲವತ್ತು ವರ್ಷ ಕಳೆದ ಮೇಲೆ ಅದನ್ನು ತೆರೆಯುವ ಸಾಧನ ಬಂತು ಎಂದರೆ? ಅದು ತನ್ನ ಬಗ್ಗೆಯೇ ಹೇಳಿಕೊಂಡಂತಾಗುತ್ತದೆ.

ಅಂತರಸನಹಳ್ಳಿಯ ಪಂಪ್‌ಸೆಟ್ ಕಾರ್ಖಾನೆಯ ಸ್ಟೋರ್‌ಕೀಪರ್ ಮಹಾಲಿಂಗಯ್ಯ, ಬಿ.ಎಸ್ಸಿ., ಮೂವತ್ತೆರಡರ ಒಂಟಿ. ಟೈಪಿಸ್ಟ್ ಗಂಗಾಂಬಿಕೆಯ ಜೊತೆ ಎರಡು ವರ್ಷದಿಂದ ಇಂಥ ಸಂಗತಿಗಳನ್ನು ಬಿಟ್ಟು ಬೇರೇನೂ ಆಡಿರಲಿಲ್ಲ. ಇವತ್ತು ಸಂಜೆ ಅವಳು ಗುಬ್ಬಿ ಬಸ್ಸು ಹತ್ತುವ ಮೊದಲು ಮದುವೆಯ ಮಾತು ಎತ್ತಿಬಿಡಬೇಕು. ಶಕುನವೂ ಚೆನ್ನಾಗಿತ್ತು. ಬಾಡಿಗೆ ಕೋಣೆಯ ಹಿತ್ತಲಲ್ಲಿ ಅವನು ಬೆಳೆಸಿದ್ದ ಪರಂಗಿ ಹಣ್ಣಿನ ಗಿಡ ಬೆಳಿಗ್ಗೆ ಮೊದಲ ಹೂ ಬಿಟ್ಟಿತ್ತು. ಪರಂಗಿಯಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಹೂವಾಗುವವರೆಗೆ ಯಾವುದೆಂದು ತಿಳಿಯದು. ಅವನದು ಹೆಣ್ಣು.

ಆ ಖುಷಿಯಲ್ಲೇ ಲೇತ್ ಓಡಿಸುತ್ತಿದ್ದ ಏಜಾಜ್ ಅಹಮದ್‌ಗೆ ಕೂಗಿ ಹೇಳಿದ: "ಏಜಾಜ್ ಭಾಯ್, ಕೊನೆಗೂ ಹೆಣ್ಣು ಗೊತ್ತಾಯ್ತು!"

ಲೇತ್ ನಿಂತಿತು. "ಅರೆ ವಾ! ಯಾವೂರ್ದು?"

"ಬೆಳ್ಳಾವಿಯಿಂದ ತಂದಿದ್ದು."

"ಎತ್ತರ ಗಿತ್ತರ?"

"ನನಗಿಂತ ಒಂದಡಿ ಜಾಸ್ತೀನೇ ಐತೆ."

ಏಜಾಜ್ ಅವನ ತಲೆಯ ಮೇಲೆ ಕಣ್ಣಲ್ಲೇ ಒಂದಡಿ ಅಳೆದು, "ಅಲ್ಲಾ ಕಾಪಾಡ್ಲಿ" ಎಂದ.

ಬೆಳಗಿನ ಟೀ ಬರುವ ಹೊತ್ತಿಗೆ ಸುದ್ದಿ, ಉರುಳಿದ ಡಬ್ಬದ ಎಣ್ಣೆಯಂತೆ ಆಫೀಸಿನ ತುಂಬ ಹರಡಿತ್ತು. ಹೆಡ್‌ಕ್ಲಾರ್ಕ್ ಸಿದ್ದಗಂಗಯ್ಯನವರು ಕರೆಸಿಕೊಂಡರು.

"ಏನ್ರೀ, ನಮಗೊಂದು ಮಾತು ಹೇಳ್ಬಾರ್ದಾ? ಯಾರ ಪೈಕಿ ಹೆಣ್ಣು?"

ಮಹಾಲಿಂಗಯ್ಯನಿಗೆ ಆಗ ಎಡವಟ್ಟು ಹೊಳೆಯಿತು. "ಅಯ್ಯೋ ಸಾರ್, ಅದು ಪರಂಗಿ!"

ಸಿದ್ದಗಂಗಯ್ಯನವರ ಕನ್ನಡಕ ಮೂಗಿನ ತುದಿಗೆ ಜಾರಿತು. "ಪರಂಗಿಯೋರ ಹೆಣ್ಣಾ? ದೊರೆಸಾನೀನಾ?"

"ಅಲ್ಲ ಸಾರ್. ಮೂಲ ಅಮೆರಿಕಾನೇ, ಪೋರ್ಚುಗೀಸರು ಹಡಗಲ್ಲಿ ತಂದಿದ್ದಕ್ಕೇ ಆ ಹೆಸರು..." ಸ್ವಾರಸ್ಯದ ಸಂಗತಿ ನಾಲಗೆಗೆ ಬಂದರೆ ಅವನಿಂದ ತಡೆಯಲಾಗುತ್ತಿರಲಿಲ್ಲ.

"ಹಡಗಲ್ಲಿ ತರ್ಸಿದ್ದೀರಾ! ಮಠದಲ್ಲಿ ಏನಂತ ಹೇಳ್ತೀರ್ರೀ? ಮೊದ್ಲು ದೀಕ್ಷೆ ಕೊಡ್ಸಿ!"

ಬಿಡಿಸಿ ಹೇಳುವಷ್ಟರಲ್ಲಿ ಕಬ್ಬಿಣದ ಲಾರಿ ಬಂತು. ಲೋಡು ಇಳಿಸಿ, ತೂಗಿ, ಬರೆದು ಮುಗಿಸಿದಾಗ ಗಂಟೆ ಐದು. ಗೇಟಿನಲ್ಲಿ ಎಲ್ಲರೂ ನಿಂತಿದ್ದರು. ಏಜಾಜ್ ಕೈಯಲ್ಲಿ ಹೂವಿನ ಹಾರ, ಅರ್ಧ ಕೆಜಿ ಬೂಂದಿ.

"ಗಿಡ ಕಣ್ರೀ ಅದು! ಹಣ್ಣು ಬಿಡೋ ಪರಂಗಿ ಗಿಡ!"

ಎಲ್ಲರೂ ಶೆಡ್ಡಿನ ತಗಡು ಅದುರುವಂತೆ ನಕ್ಕರು. "ಥೂ ನಿನ್ನ, ಗಿಡಕ್ಕೆ ಬೂಂದಿ ತಂದ್ನಲ್ಲೋ!" ಎಂದು ಏಜಾಜ್ ತಾನೇ ಒಂದು ಹಿಡಿ ಮುಕ್ಕಿದ.

ಬಸ್ ಸ್ಟಾಪಿನಲ್ಲಿ ವಿಷಯ ಕೇಳಿ ಗಂಗಾಂಬಿಕೆಯೂ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡಳು, ಒರೆಸಿಕೊಂಡದ್ದು ಸ್ವಲ್ಪ ಹೆಚ್ಚು ಹೊತ್ತು.

"ನಾನೂ ನಂಬ್ಬಿಟ್ಟೆ ಕಣ್ರೀ. ಕುಣಿಗಲ್‌ನೋರು ನನ್ನ ನೋಡ್ಕೊಂಡು ಹೋಗಿ ಮೂರು ತಿಂಗ್ಳಾಗಿತ್ತು. ಏನೇನೋ ನೆಪ ಹೇಳಿ ತಡ್ದಿದ್ದೆ. ಇವತ್ತು ಅಪ್ಪನ ಅಂಗಡಿಗೆ ಫೋನ್ ಮಾಡಿ ಹೂಂ ಅಂದ್ಬಿಟ್ಟೆ. ಅಪ್ಪ ಮಧ್ಯಾಹ್ನದ ಬಸ್ಸಿಗೇ ತಾಂಬೂಲ ತಗೊಂಡು ಕುಣಿಗಲ್‌ಗೆ ಹೊರಟೋದ್ರು."

"ಒಳ್ಳೇದಾಯ್ತು" ಎಂದ ಮಹಾಲಿಂಗಯ್ಯ.

ಬಸ್ಸು ಬಂತು. ಮೆಟ್ಟಿಲ ಮೇಲೆ ಅವಳು ಒಮ್ಮೆ ತಿರುಗಿ ನಿಂತಳು. ಕಂಡಕ್ಟರ್ ಸೀಟಿ ಊದಿದ.

"ಆಕ್ಟೋಪಸ್ಸಿಗೆ ಮೂರು ಹೃದಯ ಇರ್ತವಂತೆ ಕಣ್ರೀ" ಎಂದ ಮಹಾಲಿಂಗಯ್ಯ.