ಪಣಂಬೂರಿನಲ್ಲಿ ನಾನು ತೀರಿಕೊಂಡ ಸಂಜೆ

ಪಣಂಬೂರಿನ ಕಡಲ ದಂಡೆಯ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇಪ್ಪತ್ತು ವರ್ಷಗಳಿಂದ ಪಕ್ಕದ ಬೈಕಂಪಾಡಿಯ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿರುವ ನಾನು, ಅಲ್ಲಿನ ಗಾಳಿಮರದ ತೋಪಿನ ಬೇಲಿಯಲ್ಲಿ ಎಲ್ಲೆಲ್ಲಿ ತೂತಿದೆ ಎಂಬುದನ್ನು ಕಣ್ಣು ಮುಚ್ಚಿ ಹೇಳಬಲ್ಲೆ. ಈ ಜ್ಞಾನವೇ ನನ್ನನ್ನು ಮುಳುಗಿಸಿತು!

ಸಂಗತಿ ಏನೆಂದರೆ, ನಮ್ಮ ಬ್ಯಾಂಡ್ ಮಂಗಳೂರಿಗೆ, ಅದೂ ಇದೇ ದಂಡೆಗೆ, ಬರುವುದಿತ್ತು. ನಮ್ಮ ಎಂದರೆ ನನ್ನದು ಮತ್ತು ಹಮೀದನದು. ಹಮೀದ್ ನನ್ನ ಕಾಲೇಜು ಗೆಳೆಯ. ಈಗ ಬಂದರಿನಲ್ಲಿ ಒಣಮೆಣಸಿನ ಸಗಟು ಅಂಗಡಿ ಇಟ್ಟಿದ್ದಾನೆ. ನಾವು ಕಾಲೇಜಿನಲ್ಲಿದ್ದಾಗ ಅವನ ಸೋದರಮಾವ ದುಬಾಯಿಯಿಂದ ಒಂದು ವಾಕ್‌ಮ್ಯಾನನ್ನೂ ಈ ರಾಕ್ ಬ್ಯಾಂಡಿನ ಒಂದು ಕ್ಯಾಸೆಟ್ಟನ್ನೂ ತಂದಿದ್ದರು. ಹೆಡ್‌ಫೋನ್ ಒಂದೇ. ಅದರ ಕಮಾನನ್ನು ಬಗ್ಗಿಸಿ, ಒಂದು ತುದಿ ಅವನ ಕಿವಿಗೆ, ಇನ್ನೊಂದು ನನ್ನ ಕಿವಿಗೆ ಇಟ್ಟುಕೊಂಡು, ತಲೆಗೆ ತಲೆ ತಾಗಿಸಿ ಮೂರು ವರ್ಷ ಕೇಳಿದೆವು. ಸಾಯುವ ಮೊದಲು ಒಮ್ಮೆಯಾದರೂ ಈ ಬ್ಯಾಂಡನ್ನು ಒಟ್ಟಿಗೆ ಎದುರಿಗೆ ನಿಂತು ಕೇಳಬೇಕು ಎಂದು ಶಪಥವಾಯಿತು. ಆ 'ಸಾಯುವ ಮೊದಲು' ಎಂಬ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಇಪ್ಪತ್ತೆಂಟು ವರ್ಷ ಕಳೆದ ಮೇಲೆ ಆ ದಿನ ಬಂತು. ಬೆಳಿಗ್ಗೆ ನಾನು ಕಾಲೇಜಿನ ಕಪ್ಪು ಟೀ ಶರ್ಟನ್ನು ಹುಡುಕಿ ಹಾಕಿಕೊಂಡೆ.

"ಅದರಲ್ಲಿ ಉಸಿರು ಬಿಡ್ಲಿಕ್ಕೆ ಜಾಗ ಉಂಟಾ ಮಾರಾಯ್ರೆ?" ಎಂದಳು ನನ್ನ ಹೆಂಡತಿ ಶೋಭ.

"ಉಸಿರು ಮನೆಗೆ ಬಂದು ಬಿಡ್ತೇನೆ."

"ಟಿಕೆಟಿನ ಹಿಂದೆ ಎಂತದೋ ಸೂಚನೆ ಬರ್ದಿದ್ದಾರೆ. ಓದಿದ್ರಾ?"

"ರಾಕ್ ಕೇಳ್ಲಿಕ್ಕೆ ಸೂಚನೆ ಎಂತಕ್ಕೆ?"

"ಆಯ್ತು, ಗೇಟಿನಲ್ಲೇ ಬನ್ನಿ. ನಿಮ್ಮ ಶಾರ್ಟ್‌ಕಟ್ ಬೇಡ," ಎಂದು ಎಚ್ಚರಿಸಿದಳು. ಹಮೀದ್ ಅಂಗಡಿ ಮುಚ್ಚಿ ತನ್ನ ಕಾರಿನಲ್ಲಿ ಬೋಳಾರದ ನಮ್ಮ ಮನೆಯಿಂದ ಅವಳನ್ನು ಕರೆತರುವುದು, ನಾನು ಗೋದಾಮಿನಿಂದ ನೇರ ಸ್ಕೂಟರಿನಲ್ಲಿ ಹೋಗಿ ಮುಂದಿನ ಸಾಲಿನಲ್ಲಿ ಬೈರಾಸು ಹಾಸಿ ಜಾಗ ಹಿಡಿಯುವುದು ಎಂದು ತೀರ್ಮಾನವಾಯಿತು. ಹೌದು, ರಾಕ್ ಉತ್ಸವಕ್ಕೂ ನಾನು ಯಕ್ಷಗಾನದ ಬಯಲಾಟಕ್ಕೆ ಹೋಗುವ ಹಾಗೆಯೇ ಹೋಗುವವನು!

ಗೋದಾಮಿನಲ್ಲಿ ಲೋಡು ಬಂದು ಹೊರಡುವಾಗಲೇ ತಡವಾಯಿತು. ಬೈಕಂಪಾಡಿಯ ತಿರುವಿನಲ್ಲಿ ಒಂದು ಲಾರಿ ನನ್ನ ಭುಜವನ್ನು ಸವರಿಕೊಂಡೇ ಹೋಯಿತು. ಒಂದು ಕ್ಷಣ ಕಣ್ಣು ಕತ್ತಲೆ ಕಟ್ಟಿತು. ಮರುಕ್ಷಣ ನಾನು ಸ್ಕೂಟರಿನ ಮೇಲೆಯೇ ಇದ್ದೆ. ಮುಂದೆ ಹೋದೆ.

ಗೇಟಿನಲ್ಲಿ ಫರ್ಲಾಂಗು ಉದ್ದದ ಸಾಲು. ನಾನು ಮನಸ್ಸಿನಲ್ಲೇ ನಕ್ಕು ಸ್ಕೂಟರನ್ನು ತೋಪಿನತ್ತ ತಿರುಗಿಸಿದೆ. ಟೀ ಶರ್ಟಿಗೆ ಹೊಂದುವುದಿಲ್ಲವೆಂದು ಕನ್ನಡಕ ತೆಗೆದು ಸ್ಕೂಟರಿನ ಡಿಕ್ಕಿಯಲ್ಲಿಟ್ಟೆ. ಬೇಲಿಯ ತೂತಿನಲ್ಲಿ ನುಸುಳಿದೆ. ಯಾರೂ ತಡೆಯಲಿಲ್ಲ, ಟಿಕೆಟ್ ಕೇಳಲಿಲ್ಲ. ಆಗ ಅದು ನನಗೆ ಸಂತೋಷದ ವಿಷಯವಾಗಿ ಕಂಡಿತು.

ತೋಪು ದಾಟಿದೆ. ಸೂರ್ಯ ಆಗಷ್ಟೇ ಮುಳುಗಿದ್ದ. ವೇದಿಕೆಯ ಮೇಲೆ ಕೆಂಪು ಬೆಳಕು. ಬೆಳಕಿನಲ್ಲಿ ನಾಲ್ಕು ಜನ ತಲೆ ಕೊಡವುತ್ತಾ ಗಿಟಾರು ಬಾರಿಸುತ್ತಿದ್ದರು. ಎದುರಿಗೆ ಸಾವಿರ ಜನ ತೂಗಾಡುತ್ತಿದ್ದರು.

ಸದ್ದಿಲ್ಲ!

ಕಡಲಿನ ಮೊರೆತ ಕೇಳುತ್ತಿತ್ತು. ಗಾಳಿಮರದ ಸುಯ್ಲು ಕೇಳುತ್ತಿತ್ತು. ಸಾವಿರ ಜೋಡಿ ಕಾಲುಗಳು ಒಟ್ಟಿಗೆ ಮರಳಿಗೆ ಬೀಳುವ ಧಪ್, ಧಪ್ ಕೇಳುತ್ತಿತ್ತು. ಸಂಗೀತ ಮಾತ್ರ ಇಲ್ಲ. ಪ್ರತಿಯೊಂದು ತಲೆಯ ಎರಡೂ ಬದಿಯಲ್ಲಿ ಒಂದೊಂದು ನೀಲಿ ಬೆಳಕು ಮಿಣುಕುತ್ತಿತ್ತು. ಕನ್ನಡಕವಿಲ್ಲದ ನನ್ನ ಕಣ್ಣಿಗೆ ಅವು ಕೊಳ್ಳಿದೆವ್ವಗಳೇ.

"ಬ್ರದರ್, ಸೌಂಡ್ ಹೋಯ್ತಾ ಎಂತ?" ಎಂದು ಪಕ್ಕದವನನ್ನು ಕೇಳಿದೆ. ಅವನು ನನ್ನ ಮೂಲಕ ಆಚೆ ನೋಡಿದ. ಇನ್ನೊಬ್ಬಳನ್ನು ಕೇಳಿದೆ. ಅವಳು ಕಣ್ಣು ಮುಚ್ಚಿ ನಗುತ್ತಿದ್ದಳು. ಗಂಟಲು ಹರಿಯುವ ಹಾಗೆ "ಹಲೋ!" ಎಂದು ಕೂಗಿದೆ. ಒಂದು ತಲೆಯೂ ತಿರುಗಲಿಲ್ಲ. ಹಮೀದನಿಗೆ ಫೋನ್ ಮಾಡೋಣವೆಂದರೆ ನೆಟ್‌ವರ್ಕ್ ಇಲ್ಲ. ಅವನನ್ನೂ ಶೋಭಳನ್ನೂ ಹುಡುಕುತ್ತಾ ಆ ಗುಂಪಿನಲ್ಲಿ ಎಷ್ಟೋ ಹೊತ್ತು ಅಲೆದೆ.

ಆಗ ಅಜ್ಜಿ ಹೇಳುತ್ತಿದ್ದ ಮಾತು ನೆನಪಾಯಿತು. ಹಠಾತ್ತನೆ ಸತ್ತವನಿಗೆ ತಾನು ಸತ್ತದ್ದು ಗೊತ್ತಾಗುವುದಿಲ್ಲವಂತೆ. ಅವನು ಕುಲೆಯಾಗಿ, ಎಂದರೆ ಪ್ರೇತವಾಗಿ, ತನ್ನವರನ್ನು ಕರೆಯುತ್ತಾ ತಿರುಗುತ್ತಾನಂತೆ. ಯಾರಿಗೂ ಕೇಳಿಸುವುದಿಲ್ಲವಂತೆ. ನಾಯಿಗೆ ಮಾತ್ರ ಕಾಣುತ್ತದಂತೆ.

ಒಂದು ಬೀದಿನಾಯಿ ನನ್ನ ಎದುರು ಬಂದು ನಿಂತಿತು. ನನ್ನನ್ನೇ ನೋಡಿತು. ಮುಖವೆತ್ತಿ ಊಳಿಟ್ಟಿತು!

ಬೈಕಂಪಾಡಿಯ ಲಾರಿ ಭುಜ ಸವರಿ ಹೋಗಿತ್ತೇ, ಮೈಮೇಲೆಯೇ ಹೋಗಿತ್ತೇ? ನನ್ನ ಕಾಲುಗಳತ್ತ ನೋಡಿದೆ. ಪಾದ ಹಿಂದುಮುಂದಾಗಿದೆಯೇ ಎಂದು ಪರೀಕ್ಷಿಸಲು ಆಗಲಿಲ್ಲ, ಮರಳಿನಲ್ಲಿ ಹೂತಿದ್ದವು. ಅಷ್ಟರಲ್ಲಿ ಸಾವಿರ ಗಂಟಲುಗಳು ಒಮ್ಮೆಲೇ, ಒಂದೊಂದು ಒಂದೊಂದು ಶ್ರುತಿಯಲ್ಲಿ, "ಓ..." ಎಂದು ಗೋಳಿಟ್ಟು ಥಟ್ಟನೆ ನಿಂತವು.

ಆಗಲೇ ಅವರಿಬ್ಬರು ಕಂಡರು. ಹಮೀದನ ಬಿಳಿಗಡ್ಡ, ಶೋಭಳ ಹಳದಿ ಸೀರೆ. ಹಮೀದ್ ಕರವಸ್ತ್ರದಿಂದ ಕಣ್ಣೊರೆಸುತ್ತಿದ್ದ, ಭುಜ ಕುಲುಕುತ್ತಿತ್ತು. ಶೋಭ ಬಾಯಿಗೆ ಅಂಗೈ ಅಡ್ಡ ಹಿಡಿದು ಕಣ್ಣು ಹಿಂಡಿಕೊಂಡಿದ್ದಳು. ಸುದ್ದಿ ಅವರಿಗೆ ಮುಟ್ಟಿತ್ತು!

"ಹಮೀದಾ! ಶೋಭಾ!" ಎಂದು ಹತ್ತಡಿ ದೂರದಿಂದ ಕೂಗಿದೆ. ತಿರುಗಲಿಲ್ಲ. ನನಗೆ ಅಳು ಬಂತು. ಸತ್ತದ್ದಕ್ಕಿಂತಲೂ ಹೆಚ್ಚಾಗಿ, ಬ್ಯಾಂಡನ್ನು ಕೇಳದೆ ಸತ್ತದ್ದಕ್ಕೆ. ಮುಟ್ಟಿ ನೋಡೋಣವೆಂದರೆ ಧೈರ್ಯವಿಲ್ಲ. ಕೈ ಅವಳ ಭುಜದೊಳಗಿನಿಂದ ಹಾದುಹೋದರೆ? ಬೆಳಿಗ್ಗೆ ಅವಳಿಗೆ ಎದುರು ಮಾತಾಡದೆ ಹೊರಡಬೇಕಿತ್ತು ಅನ್ನಿಸಿತು. ಕೊನೆಗೆ ಕಣ್ಣು ಮುಚ್ಚಿ ಹಿಂದಿನಿಂದ ಅವಳ ಭುಜದ ಮೇಲೆ ಮೆಲ್ಲನೆ ಕೈ ಇಟ್ಟೆ.

ಫಟಾರ್!

ವ್ಯಾನಿಟಿ ಬ್ಯಾಗು ನನ್ನ ಕೆನ್ನೆಗೆ ಬಿದ್ದಿತ್ತು. ಅಷ್ಟು ಸುಖದ ಪೆಟ್ಟನ್ನು ನಾನು ಜೀವನದಲ್ಲಿ ತಿಂದಿಲ್ಲ. ಪ್ರೇತಗಳ ಕೆನ್ನೆ ಉರಿಯುವುದಿಲ್ಲ!

"ಅಯ್ಯೋ ದೇವರೇ, ನೀವಾ?" ಶೋಭ ಕಿವಿಯಿಂದ ಏನನ್ನೋ ಕಳಚಿದಳು. ನೀಲಿ ಬೆಳಕಿನ ಹೆಡ್‌ಫೋನ್. "ಎಲ್ಲಿ ಸತ್ತಿದ್ರಿ ಇಷ್ಟು ಹೊತ್ತು?"

"ಬೈಕಂಪಾಡಿಯಲ್ಲಿ," ಎಂದೆ.

ಹಮೀದನೂ ಹೆಡ್‌ಫೋನ್ ತೆಗೆದ. "ನಿನ್ನದೆಲ್ಲಿ ಮಾರಾಯ? ಗೇಟಿನಲ್ಲಿ ಕೊಟ್ರಲ್ಲ. ಇದು ಕಡಲಾಮೆ ಮೊಟ್ಟೆ ಇಡುವ ಸೀಸನ್, ಸ್ಪೀಕರ್ ಇಡ್ಲಿಕ್ಕಿಲ್ಲ, ಹಾಡೆಲ್ಲ ಇದರಲ್ಲೇ ಕೇಳ್ಬೇಕು. ಟಿಕೆಟಿನ ಹಿಂದೆಯೇ ಬರ್ದಿದ್ದಾರಲ್ಲ!"

"ನೀನು ಅತ್ತದ್ದು?"

"ನಮ್ಮ ಹಾಡು ಬಂತಲ್ಲ ಮಾರಾಯ! ಎಲ್ಲರೂ ಒಟ್ಟಿಗೆ ಹಾಡಿದ್ದು ಕೇಳ್ಲಿಲ್ವಾ?"

ಇಪ್ಪತ್ತೆಂಟು ವರ್ಷ ಕೇಳಿದ ಹಾಡು. ನಾನು ಅದನ್ನು ಪ್ರೇತಗಳ ಗೋಳು ಎಂದುಕೊಂಡಿದ್ದೆ!

"ನೀನು ಬಾಯಿಗೆ ಕೈ ಹಿಡಿದದ್ದು?" ಎಂದು ಶೋಭಳನ್ನು ಆಸೆಯಿಂದ ಕೇಳಿದೆ.

"ಆಕಳಿಕೆ ಬಂತು," ಎಂದಳು.

ಅಷ್ಟರಲ್ಲಿ ಹಮೀದ್ ನನ್ನನ್ನು ಹತ್ತಿರಕ್ಕೆ ಎಳೆದ. "ಕೊನೇದೊಂದು ಹಾಡು ಉಂಟು, ಬಾ ಬಾ!" ಎಂದು ತನ್ನ ಹೆಡ್‌ಫೋನಿನ ಕಮಾನನ್ನು ಬಗ್ಗಿಸಿ ಒಂದು ತುದಿಯನ್ನು ನನ್ನ ಕಿವಿಗೆ ಒತ್ತಿದ. ತಲೆಗೆ ತಲೆ ತಾಗಿತು. ಅವನ ಗಡ್ಡ ಚುಚ್ಚಿತು, ಒಣಮೆಣಸಿನ ಘಾಟಿಗೆ ನನಗೆ ಸೀನು ಬಂತು. ಸೀನನ್ನು ನುಂಗಿದೆ. ಉಸಿರು ಬಿಗಿಹಿಡಿದು ಕಾದೆ.

ಕಿವಿಯಲ್ಲಿ ಒಂದು ಹುಡುಗಿಯ ಇಂಪಾದ ದನಿ ಕೇಳಿತು: "ಕಾರ್ಯಕ್ರಮ ಮುಗಿಯಿತು. ದಯವಿಟ್ಟು ಹೆಡ್‌ಫೋನ್‌ಗಳನ್ನು ಗೇಟಿನಲ್ಲಿ ಹಿಂದಿರುಗಿಸಿ. ಆಮೆಗಳಿಗೆ ತೊಂದರೆಯಾಗದಂತೆ ಸದ್ದಿಲ್ಲದೆ ಹೊರಡಿ."

ಹೊರಟೆವು. ಈಗ ಯಾರಾದರೂ ಬ್ಯಾಂಡ್ ಹೇಗಿತ್ತು ಎಂದು ವಿಚಾರಿಸಿದರೆ ಹಮೀದ್ ಅರ್ಧ ಗಂಟೆ ವರ್ಣಿಸುತ್ತಾನೆ, ನಾನು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತೇನೆ. ಆ ಸಂಜೆ ಪಣಂಬೂರಿನಲ್ಲಿದ್ದೂ ನಮ್ಮ ಬ್ಯಾಂಡಿನ ಒಂದು ಸ್ವರವನ್ನೂ ಕೇಳದೆ ಉಳಿದವರು ಎಂದರೆ ಕಡಲಾಮೆಗಳು ಮತ್ತು ನಾನು. ಆಮೆಗಳು ಟಿಕೆಟ್ ತೆಗೆದಿರಲಿಲ್ಲ!