ಒಂದು ಚಮಚ ಜೊಲ್ಲು

ಸೈನ್ಸ್ ಮೇಷ್ಟ್ರ ಬಾಯಿ ಬೆಳಗ್ಗೆಯಿಂದ ಒಣಗಿಹೋಗಿತ್ತು. ಬೇರೆ ದಿನವಾಗಿದ್ದರೆ ಒಂದು ಲೋಟ ನೀರು ಕುಡಿದು ಸುಮ್ಮನಾಗುತ್ತಿದ್ದರು. ಇವತ್ತು ಹನ್ನೊಂದಕ್ಕೆ ಶಾಲಾ ಇನ್‌ಸ್ಪೆಕ್ಟರ್ ಬರುವವರಿದ್ದರು. ಕಿಣ್ವ, ಅಂದರೆ ಎನ್‌ಜೈಮ್, ಹೇಗೆ ಕೆಲಸ ಮಾಡುತ್ತದೆ ಅಂತ ಅವರೆದುರು ಮಾಡಿ ತೋರಿಸಬೇಕು. ತೋರಿಸಿದರೆ ಆರು ವರ್ಷದ ತಾತ್ಕಾಲಿಕ ನೌಕರಿ ಕಾಯಂ ಆದೀತು. ಬೇಕಾದದ್ದು ಪಿಷ್ಟದ ನೀರು, ಅಯೋಡಿನ್, ಮತ್ತು ಒಂದು ಚಮಚ ಜೊಲ್ಲು. ಮೊದಲಿನೆರಡು ಬೀರುವಿನಲ್ಲಿದ್ದವು.

ಗೇಟಿಗೊಮ್ಮೆ, ಗಡಿಯಾರಕ್ಕೊಮ್ಮೆ ಕಣ್ಣು ಹಾಯಿಸುತ್ತ ಟೆಸ್ಟ್ ಟ್ಯೂಬಿಗೆ ಉಗಿಯಲು ನೋಡಿದರು. ಬರೀ ಗಾಳಿ ಬಂತು.

"ಅದಕ್ಯಾಕೆ ಇಷ್ಟು ಒದ್ದಾಟ?" ಅಂತ ಡ್ರಾಯಿಂಗ್ ಟೀಚರ್ ಬ್ಯಾಗಿನಿಂದ ಅರ್ಧ ನಿಂಬೆಹಣ್ಣು ತೆಗೆದು ಕೈಗಿತ್ತರು. ಚೀಪಿದ್ದೇ ತಡ, ಬಾಯಿ ವಾಷರ್ ಹೋದ ನಲ್ಲಿಯಾಯಿತು. ಆದರೆ ಅದನ್ನು ಪಿಷ್ಟಕ್ಕೆ ಬೆರೆಸಿ, ಹತ್ತು ನಿಮಿಷ ಕಾದು ಅಯೋಡಿನ್ ಹಾಕಿದರೆ ಟ್ಯೂಬು ಕಡುನೀಲಿ.

"ಬಣ್ಣ ಚೆನ್ನಾಗೇ ಬಂದಿದೆಯಲ್ಲ," ಅಂದರು ಟೀಚರ್.

"ಬರಬಾರದಿತ್ತು ಟೀಚರ್. ಪಿಷ್ಟ ಒಡೆದು ಸಕ್ಕರೆ ಆಗಿದ್ರೆ ನೀಲಿ ಬರ್ತಿರಲಿಲ್ಲ. ನಿಮ್ಮ ಹುಳಿಗೆ ಕಿಣ್ವ ಕೈಕಟ್ಟಿ ಕೂತಿದೆ."

ಬಾಯಿ ಮುಕ್ಕಳಿಸಿ, ಕೆನ್ನೆ ಹಿಂಡಿ, ಹೇಗೋ ಅರ್ಧ ಚಮಚ ಸಂಪಾದಿಸಿ ಪಿಷ್ಟಕ್ಕೆ ಬೆರೆಸಿದರು. ಟ್ಯೂಬನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಡುವಷ್ಟರಲ್ಲಿ ಹೊರಗೆ ಹಾರ್ನ್ ಕೇಳಿಸಿತು. ಎದ್ದುಬಿದ್ದು ಓಡಿದರು. ಬಂದಿದ್ದು ಪುಸ್ತಕದ ವ್ಯಾನು. ವಾಪಸು ಬಂದರೆ ಡ್ರಿಲ್ ಮೇಷ್ಟ್ರು ಒಲೆ ಹಚ್ಚಿ ನಿಂತಿದ್ದಾರೆ, ನೀರು ಕೊತಕೊತ ಕುದಿಯುತ್ತಿದೆ.

"ಬೇಗ ಆಗ್ಲಿ ಅಂತ ಉರಿ ಜಾಸ್ತಿ ಮಾಡಿದೆ ಸಾರ್."

"ಕಿಣ್ವ ಮೈಬಿಸಿಯಲ್ಲಿ ಕೆಲಸ ಮಾಡೋದು. ಕುದಿಸಿದ್ರೆ ಕಥೆ ಮುಗೀತು."

"ಆರಿಸಿದ್ರೆ ಸರಿಹೋಗಲ್ವಾ?"

"ಬೆಂದ ಮೊಟ್ಟೆ ಆರಿಸಿದ್ರೆ ಮತ್ತೆ ಹಸಿ ಆಗುತ್ತಾ?"

"ಏನು ಬೇಯಿಸ್ತಿದೀರಿ?" ಅಂತ ಬಾಗಿಲಲ್ಲಿ ಇನ್ನೊಂದು ದನಿ. ಇನ್‌ಸ್ಪೆಕ್ಟರ್.

ಮೇಷ್ಟ್ರ ನಾಲಗೆ ಅಂಗುಳಿಗೆ ಅಂಟಿಕೊಂಡಿತು. ತಡವರಿಸುತ್ತ ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟರು.

"ಅಷ್ಟೇ ತಾನೆ?" ಅಂದ ಇನ್‌ಸ್ಪೆಕ್ಟರ್ ಒಂದು ಟ್ಯೂಬು ತೆಗೆದುಕೊಂಡು ಗೋಡೆ ಕಡೆ ತಿರುಗಿ, ಕಾಲು ಭಾಗ ಉಗಿದು ತುಂಬಿಸಿ ವಾಪಸು ಕೊಟ್ಟರು.

ಪಿಷ್ಟ ಬೆರೆಯಿತು. ಹತ್ತು ನಿಮಿಷ ಎಲ್ಲರೂ ಗಡಿಯಾರ ನೋಡಿದರು. ಅಯೋಡಿನ್ ಬಿತ್ತು. ಟ್ಯೂಬು ತಿಳಿ ಚಹಾದ ಬಣ್ಣದಲ್ಲೇ ಉಳಿಯಿತು. ನೀಲಿಯ ಸುಳಿವೇ ಇಲ್ಲ.

"ಪಿಷ್ಟ ಪೂರ್ತಿ ಹೋಯ್ತಾ?"

"ಪೂರ್ತಿ ಸಾರ್. ಇನ್ನಷ್ಟು ಹಾಕಿದ್ರೂ ಒಡೆಯುತ್ತೆ. ಎಷ್ಟು ಕೆಲಸ ಮಾಡಿದ್ರೂ ಕಿಣ್ವ ತಾನು ಖರ್ಚಾಗಲ್ಲ."

ಇನ್‌ಸ್ಪೆಕ್ಟರ್ ಟ್ಯೂಬನ್ನು ಬೆಳಕಿಗೆ ಹಿಡಿದು, ಮೊದಲ ಮೊಮ್ಮಗುವನ್ನು ನೋಡುವ ಹಾಗೆ ನೋಡಿದರು. "ಮೂವತ್ತು ವರ್ಷದ ಸರ್ವಿಸ್‌ನಲ್ಲಿ ನನ್ನಿಂದ ಒಂದು ಕೆಲಸ ಇಷ್ಟು ಬೇಗ ಆಗಿದ್ದು ಇದೇ ಮೊದಲು ಮೇಷ್ಟ್ರೇ. ಇದನ್ನ ನಲವತ್ತೆಂಟು ಶಾಲೇಲೂ ತೋರಿಸಬೇಕು. ನಾಳೆಯಿಂದ ನನ್ನ ಜೊತೆ ಹೊರಡಿ. ಜೊಲ್ಲು ನಂದು, ಟ್ಯೂಬು ನಿಮ್ದು."

ಮೇಷ್ಟ್ರಿಗೆ ಜೀವ ಬಂತು. "ಹಾಗಾದ್ರೆ ಆ ಕಾಯಂ ವಿಷಯ, ಸಾರ್..."

"ಒಳ್ಳೇದು, ನೆನಪಿಸಿದ್ರಿ." ಇನ್‌ಸ್ಪೆಕ್ಟರ್ ಚೀಲದಿಂದ ಟೈಪಾಗಿ ಬಂದಿದ್ದ ಆದೇಶ ತೆಗೆದು, ಎರಡು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದರು. "ಕಾಯಂ ಆದವರನ್ನ ಹೀಗೆ ಶಾಲೆಯಿಂದ ಶಾಲೆಗೆ ಅಲೆಸೋಕೆ ರೂಲ್ಸಿನಲ್ಲಿ ಅವಕಾಶ ಇಲ್ಲ. ಪುಣ್ಯಕ್ಕೆ ಇನ್ನೂ ಸಹಿ ಹಾಕಿರಲಿಲ್ಲ ನೋಡಿ."