ದ್ರಾಕ್ಷಿ ತೋಟದ ತಪಾಸಣೆ

ಮೋಸವನ್ನು ಮುಖ ನೋಡಿಯೇ ಹಿಡಿಯುವ ಶಕ್ತಿ ನನಗಿದೆ ಎಂಬ ವಿಷಯದಲ್ಲಿ ಮೊನ್ನೆ ಮೊನ್ನೆಯವರೆಗೆ ನನಗೆ ಯಾವ ಅನುಮಾನವೂ ಇರಲಿಲ್ಲ. ಹೆಡ್ಮಾಸ್ಟರಾಗಿ ನಿವೃತ್ತನಾದವನು ನಾನು. ಹೊಟ್ಟೆನೋವೆಂದು ಬಂದು ನಿಂತ ಹುಡುಗನಿಗೆ ನೋವಿರುವುದು ಹೊಟ್ಟೆಯಲ್ಲೋ, ಬರೆಯದ ಹೋಂವರ್ಕಿನಲ್ಲೋ ಎಂಬುದನ್ನು ಕನ್ನಡಕ ಹಾಕಿಕೊಳ್ಳದೆಯೇ ಹೇಳುತ್ತಿದ್ದೆ.

ಇನ್ನು ಕುಡಿತದ ವಿಷಯ. ಪ್ರತಿ ಗಾಂಧಿ ಜಯಂತಿಯಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬಲಗೈ ಮುಂದೆ ಚಾಚಿಸಿ, "ಮದ್ಯವನ್ನು ಮುಟ್ಟುವುದಿಲ್ಲ, ಮುಟ್ಟಿದವರ ಮನೆಯ ಹೊಸಿಲನ್ನೂ ತುಳಿಯುವುದಿಲ್ಲ" ಎಂಬ ಪ್ರತಿಜ್ಞೆ ಹೇಳಿಸುತ್ತಿದ್ದೆ. ರಚನೆ ನನ್ನದೇ. ಮಕ್ಕಳ ಧ್ವನಿ ಸಾಲದಿದ್ದರೆ, "ಹಿಂದಿನ ಸಾಲಿಗೆ ಕೇಳಿಸ್ತಿಲ್ಲ, ಇನ್ನೊಂದ್ಸಲ!" ಎಂದು ಗುಡುಗುತ್ತಿದ್ದೆ. ನನ್ನ ಮಗಳು ಮೇಘನಾ ಕೂಡ ಆ ಸಾಲಿನಲ್ಲಿ ನಿಂತು ಕೈ ಚಾಚಿದವಳೇ.

ಅಂಥ ಮಗಳು ಒಂದು ದಿನ ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ, ಒಬ್ಬ ಹುಡುಗ ಇಷ್ಟವಾಗಿದ್ದಾನೆ ಎಂದಳು.

"ಯಾವ ಕಡೆಯವರಮ್ಮ?"

"ಗುಬ್ಬಿ ದಾಟಿ ಹಾಗಲವಾಡಿ ಕಡೆ ಅಪ್ಪ. ಹೆಸರು ಕಿರಣ್. ಅಪ್ಪ, ಅಮ್ಮ, ಮಗ ಸೇರ್ಕೊಂಡು ದ್ರಾಕ್ಷಿ ತೋಟ ನೋಡ್ಕೋತಾರೆ. ಬಂದವರು ಉಳ್ಕೊಳ್ಳೋಕೆ ತೋಟದಲ್ಲೇ ನಾಕು ರೂಮೂ ಕಟ್ಸಿದಾರೆ."

"ಒಳ್ಳೇದೇ. ದ್ರಾಕ್ಷಿ ಏನ್ಮಾಡ್ತಾರೆ?"

"ಹಿಂಡ್ತಾರೆ."

"ಹಿಂಡಿ?"

"ಇಡ್ತಾರೆ."

"ಇಟ್ಟು?"

ಮಗಳು ಹಪ್ಪಳ ಮುರಿದಳು. "ಹಳೇದಾದ್ಮೇಲೆ ಬಾಟ್ಲಿಗೆ ಹಾಕಿ ಮಾರ್ತಾರೆ."

ಬಾಯಿಗೆ ಹೊರಟಿದ್ದ ತುತ್ತು ತಟ್ಟೆಗೆ ವಾಪಸ್ಸಾಯಿತು. ವೈನು! ನನ್ನ ಬೀಗರು ವೈನು ಮಾಡುವವರು! ನಾನು ಎದ್ದು ಕೈ ತೊಳೆದು ಸಾಧ್ಯವಿಲ್ಲ ಎಂದೆ. ಅವಳು ಜಗಳ ಮಾಡಲಿಲ್ಲ. "ಒಂದ್ಸಲ ಹೋಗಿ ಅವರನ್ನ ನೋಡಿ ಬನ್ನಿ ಅಪ್ಪ. ನೋಡಿದ್ಮೇಲೂ ಬೇಡ ಅಂದ್ರೆ, ಬೇಡ" ಎಂದು ಕಣ್ಣೊರೆಸಿಕೊಂಡಳು.

ನೋಡುವುದೇನು, ತಪಾಸಣೆಯನ್ನೇ ಮಾಡಿಬಿಡೋಣ ಎಂದುಕೊಂಡೆ. ಹೇಳಿ ಹೋದರೆ ಇನ್‌ಸ್ಪೆಕ್ಷನ್ ದಿನದ ಶಾಲೆಯಂತೆ ಎಲ್ಲ ಗುಡಿಸಿ ಒರೆಸಿ ಇಟ್ಟಿರುತ್ತಾರೆ. ಆದ್ದರಿಂದ 'ತಿಪಟೂರಿನ ಕೊಬ್ಬರಿ ವ್ಯಾಪಾರಿ ನಂಜುಂಡಯ್ಯ' ಎಂಬ ಹೆಸರಿನಲ್ಲಿ ಶನಿವಾರಕ್ಕೆ ಒಂದು ರೂಮು ಹಿಡಿದೆ.

"ನಿಮ್ಗೆ ಕೊಬ್ಬರಿ ಬಗ್ಗೆ ಏನ್ ಗೊತ್ತುರೀ? ತುರಿಯೋಕೆ ಕೊಟ್ರೆ ಬೆರಳು ತುರ್ಕೋತೀರಾ" ಎಂದಳು ನನ್ನ ಹೆಂಡತಿ ಸರೋಜ.

"ಸುಮ್ನಿರೇ. ಮುಖ ಗಂಭೀರವಾಗಿದ್ರೆ ಸಾಕು."

ಶನಿವಾರ ನನಗೆ ಒಪ್ಪೊತ್ತು. ಬೆಳಗಿನಿಂದ ನೀರು ಬಿಟ್ಟರೆ ಏನೂ ಮುಟ್ಟಿರಲಿಲ್ಲ. ಸರೋಜಳ ಜೊತೆ ಗುಬ್ಬಿಯಲ್ಲಿ ಬಸ್ಸಿಳಿದು, ಆಟೋದವನ ಕಿವಿಯಲ್ಲಿ ವಿಳಾಸವನ್ನು ಪಿಸುಗುಟ್ಟಿದೆ.

"ಓ, ವೈನ್ ತೋಟಕ್ಕಾ ಯಜಮಾನ್ರೇ!" ಎಂದು ಅವನು ಇಡೀ ಬಸ್‌ಸ್ಟ್ಯಾಂಡಿಗೆ ವರದಿ ಒಪ್ಪಿಸಿದ. "ಬರೋವಾಗ ಒಂದ್ ಫೋನ್ ಹಾಕಿ. ಹೋಗೋವಾಗ ಎಲ್ರೂ ನೆಟ್ಟಗೇ ಇರ್ತಾರೆ, ಬರೋವಾಗ್ಲೇ ಗಾಡಿ ಬೇಕಾಗೋದು!"

ತೋಟದ ಗೇಟಿನ ಬಳಿ ನಾಲ್ಕು ಜನ ಕುಡುಕರಾದರೂ ಬಿದ್ದಿರುತ್ತಾರೆಂದು ನಿರೀಕ್ಷಿಸಿದ್ದೆ. ಯಾರೂ ಬಿದ್ದಿರಲಿಲ್ಲ. ಹೊಸಿಲ ಮುಂದೆ ರಂಗೋಲಿ, ಅಂಗಳದಲ್ಲಿ ತುಳಸಿ ಕಟ್ಟೆ. ಹುಡುಗನ ತಂದೆ ಶಿವಣ್ಣ ಹಣೆಗೆ ವಿಭೂತಿ ಬಳಿದು, ಕೈ ಮುಗಿದು ನಿಂತಿದ್ದರು. ತಾಯಿ ಗಿರಿಜಮ್ಮ ಕಾಲಿಗೆ ನೀರು ಕೊಟ್ಟರು. ನನಗೆ ಗಾಬರಿಯಾಯಿತು. ಇಷ್ಟು ಚೊಕ್ಕಟವಾಗಿದೆ ಎಂದರೆ ಮೋಸ ಬಹಳ ದೊಡ್ಡದೇ ಇರಬೇಕು!

"ಕೊಬ್ಬರಿ ಹೆಂಗಿದೆ ಸಾರ್ ಈ ವಾರ?" ಶಿವಣ್ಣ ಕೇಳಿದರು.

"ಬೆಳ್ಳಗಿದೆ" ಎಂದೆ.

"ಅಲ್ಲ, ರೇಟು ಕೇಳ್ದೆ."

"ಅದೂ ಹಾಗೇ ಇದೆ."

ಶಿವಣ್ಣ ಹೆಂಡತಿಯ ಮುಖ ನೋಡಿದರು. ಗಿರಿಜಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ನನ್ನ ಗಾಂಭೀರ್ಯಕ್ಕೆ ಹೆದರಿದರೆಂದು ತಿಳಿದೆ.

ಮಧ್ಯಾಹ್ನ ರುಚಿ ನೋಡುವ ಕಾರ್ಯಕ್ರಮ. ಮರದ ಪೀಪಾಯಿಗಳನ್ನು ಜೋಡಿಸಿಟ್ಟ ತಣ್ಣನೆಯ ಕೋಣೆ. ಬೆಂಗಳೂರಿನಿಂದ ಬಂದ ಗಂಡ ಹೆಂಡತಿ ಒಂದು ಜೋಡಿ, ನಾವೊಂದು ಜೋಡಿ. ಕಿರಣ್ ಉದ್ದ ಕಾಲಿನ ಲೋಟಗಳಿಗೆ ಒಂದೊಂದು ಗುಟುಕಿನಷ್ಟು ಸುರಿಯುತ್ತಾ ಬಂದ. ಸರೋಜಳಿಗೆ ಲೋಟ ಕೊಡುವ ಮೊದಲೇ ಅವಳು ಅಭ್ಯಾಸಬಲದಿಂದ ಅಂಗೈ ಗುಳಿ ಮಾಡಿ ಚಾಚಿಬಿಟ್ಟಳು. ಸಭ್ಯ ಹುಡುಗ, ನಾಲ್ಕು ಹನಿ ಹಾಕಿದ. ಇವಳು ಅದನ್ನು ತೀರ್ಥದಂತೆ ಸೇವಿಸಿ, ಒದ್ದೆ ಕೈಯನ್ನು ತಲೆಗೆ ಸವರಿಕೊಂಡ ಮೇಲೆಯೇ ಎಚ್ಚೆತ್ತಿದ್ದು.

"ಅಯ್ಯೋ, ಹುಳಿ ಬಂದಿದೆ ಕಣ್ರೀ!"

ನನ್ನ ಸರದಿ ಬಂತು. ಕುಡಿಯದಿದ್ದರೆ ವೇಷ ಬಯಲಾಗುತ್ತದೆ. ಕುಡಿದರೆ ಪ್ರತಿಜ್ಞೆ ಕೆಡುತ್ತದೆ. ಮಗಳ ಭವಿಷ್ಯಕ್ಕಾಗಿ ಎಂಥ ತ್ಯಾಗಕ್ಕೂ ಸಿದ್ಧನಿರಬೇಕೆಂದು ನಿರ್ಧರಿಸಿದೆ. ಲೋಟಕ್ಕೆ ತುಟಿ ತಾಗಿಸಿ ಎಂಜಲು ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಎತ್ತಿ ಹಿಡಿದು ಸುರಿದುಕೊಂಡೆ. ಅರ್ಧ ಗಂಟಲಿಗೆ, ಅರ್ಧ ಬಿಳಿ ಜುಬ್ಬಕ್ಕೆ.

ಗಿರಿಜಮ್ಮ ಒಂದು ಸ್ಟೀಲ್ ಬಕೆಟ್ ತಂದು ನನ್ನ ಮುಂದಿಟ್ಟರು. "ಸಾರ್, ಬಾಯಲ್ಲಿ ಮುಕ್ಕಳಿಸಿ ಇದ್ರಲ್ಲಿ ಉಗುದ್ಬುಡಿ. ನುಂಗ್ಬೇಕು ಅಂತಿಲ್ಲ."

ಉಗಿಯುವುದೇ! ಒಬ್ಬರ ಮನೆಗೆ ಹೋಗಿ, ಅವರು ಕೊಟ್ಟದ್ದನ್ನು ಅವರೆದುರೇ ಉಗಿಯುವುದೇ! ಇದು ನನ್ನ ಸಂಸ್ಕಾರವನ್ನು ಅಳೆಯುವ ಪರೀಕ್ಷೆ ಎಂದು ಕೂಡಲೇ ಹೊಳೆಯಿತು. ಬಕೆಟ್ಟನ್ನು ಕಾಲಿನಿಂದ ಮೆಲ್ಲಗೆ ದೂರ ಸರಿಸಿ, "ಛೆ ಛೆ, ನಮಗೆ ಆ ಅಭ್ಯಾಸ ಇಲ್ಲ" ಎಂದೆ. ಎರಡನೆಯದನ್ನು ಜುಬ್ಬಕ್ಕೆ ತಾಗದಂತೆ ಸುರಿದುಕೊಂಡೆ. ಮೂರನೆಯದು ಪರವಾಗಿಲ್ಲ ಎನ್ನಿಸಿತು. ಸರೋಜ ಮುಟ್ಟದೆ ಬಿಟ್ಟಿದ್ದನ್ನೂ ಚೆಲ್ಲಬಾರದೆಂದು ನಾನೇ ಮುಗಿಸಿದೆ. ಆ ಮೇಲೆ ಪೀಪಾಯಿಗಳು ಪ್ರಾರ್ಥನೆಗೆ ನಿಂತ ಮಕ್ಕಳಂತೆ ಕಂಡವು. ಅಷ್ಟೇ ನೆನಪು.

ಕಣ್ಣು ಬಿಟ್ಟಾಗ ಭಾನುವಾರ! ತೋಟದ ರೂಮಿನ ಮಂಚ, ಕಿಟಕಿಯಲ್ಲಿ ಬಿಸಿಲು, ಕುರ್ಚಿಯಲ್ಲಿ ಸರೋಜ. ಅವಳ ಮುಖ ನೋಡಿ ಮತ್ತೆ ಕಣ್ಣು ಮುಚ್ಚಿದೆ.

"ಮುಚ್ಬೇಡಿ. ನೆನಪಿದ್ಯಾ ನಿನ್ನೆ ಏನ್ಮಾಡಿದ್ರಿ ಅಂತ?"

"ತಪಾಸಣೆ…"

"ಕಲ್ಲು ಬೆಂಚಿನ ಮೇಲೆ ಹತ್ತಿ ನಿಂತ್ರಿ. ಬೆಂಗಳೂರಿನವರ ಸಮೇತ ಎಲ್ರನ್ನೂ ಸಾಲಾಗಿ ನಿಲ್ಲಿಸಿ, ಕುಡೀಬಾರದು ಅಂತ ಪ್ರತಿಜ್ಞೆ ಹೇಳಿಸಿದ್ರಿ. ನಿಮ್ ಎಡಗೈಯಲ್ಲಿ ಲೋಟ ಇತ್ತು. ಮಧ್ಯೆ ಮಧ್ಯೆ 'ಲೇ ಕಿರಣ, ಸುರಿಯೋ' ಅಂತಿದ್ರಿ!"

ಭೂಮಿ ಬಾಯಿ ಬಿಡಲಿಲ್ಲ. ತಟ್ಟೆ ಇಡ್ಲಿ ಬಂತು. ಅದರ ಹಿಂದೆಯೇ ಶಿವಣ್ಣ, ಗಿರಿಜಮ್ಮ, ಕಿರಣ್ ಬಂದು ಗೋಡೆಗೆ ಒರಗಿ ನಿಂತರು.

"ಮೇಷ್ಟ್ರೇ" ಎಂದರು ಶಿವಣ್ಣ.

ಮೇಷ್ಟ್ರೇ! ಇಡ್ಲಿ ಗಂಟಲಲ್ಲಿ ನಿಂತಿತು. "ನಾನು ನಂಜುಂಡಯ್ಯ…"

"ಇರ್ಲಿ ಬುಡಿ. ನಿಮ್ ಫೋಟೋನ ಮೇಘನಾ ಯಾವಾಗ್ಲೋ ತೋರ್ಸಿದ್ಲು. ನೀವು ಆಟೋ ಇಳಿದಾಗ್ಲೇ ಗೊತ್ತಾಯ್ತು. ಬೀಗ್ರು ನೋಡೋಕ್ ಬಂದವ್ರೆ, ನೋಡ್ಕೊಂಡ್ ಹೋಗ್ಲಿ ಅಂತ ಸುಮ್ನಿದ್ವಿ." ಅವರು ತಲೆ ಕೆರೆದುಕೊಂಡರು. "ಮುಂದಿಂದು ನೀನೇ ಹೇಳು ಗಿರಿಜಾ."

ಗಿರಿಜಮ್ಮ ನೆಲ ನೋಡುತ್ತಾ ಹೇಳಿದರು. "ಹುಡುಗಿ ಚಿನ್ನದಂಥವಳು. ನಮ್ದೇನೂ ತಕರಾರಿಲ್ಲ. ಆದ್ರೆ ನಮ್ಮನೇಲಿ ಯಾರೂ ಕುಡಿಯಲ್ಲ ಮೇಷ್ಟ್ರೇ. ರುಚಿ ನೋಡ್ತೀವಿ, ಬಕೆಟ್ಟಿಗೆ ಉಗೀತೀವಿ. ನಮ್ ಕಿರಣ ಇವತ್ತಿಗೂ ಒಂದು ಗುಟುಕು ಒಳಗೆ ಬಿಟ್ಟವನಲ್ಲ. ನೀವು ನೋಡಿದ್ರೆ ಉಗಿಯೋ ಅಭ್ಯಾಸ ಇಲ್ಲ ಅಂದ್ರಿ…"

"ಅಮ್ಮಾ, ಅದು ಹಾಗಲ್ಲ…"

"ಅದೂ ಹೋಗ್ಲಿ ಅನ್ನೋಣ. ನಿನ್ನೆ ನಮ್ ಕೈಲಿ ಪ್ರತಿಜ್ಞೆ ಮಾಡಿಸ್ಬುಟ್ರಲ್ಲ? 'ಮುಟ್ಟಿದವರ ಮನೆಯ ಹೊಸಿಲನ್ನೂ ತುಳಿಯುವುದಿಲ್ಲ' ಅಂತ ಎಲ್ರೂ ಕೈ ಚಾಚಿ ಹೇಳ್ಬುಟ್ಟಿದೀವಿ. ದೇವರ ಮೇಲೆ ಭಕ್ತಿ ಇರೋ ಮನೆ ನಮ್ದು. ಈಗ ನಿಮ್ಮನೆಗೆ ಹೆಣ್ಣು ಕೇಳೋಕೆ ಹೆಂಗ್ ಬರೋದು, ನೀವೇ ಹೇಳಿ!"

ನನ್ನ ಕೃತಿಯಲ್ಲಿ ಇಷ್ಟು ಗಟ್ಟಿಯಾದ ಶಬ್ದಗಳಿವೆಯೆಂದು ನನಗೇ ಗೊತ್ತಿರಲಿಲ್ಲ. ಬೇಡವೆನ್ನಲು ಬಂದವನು ನಾನು. ಈಗ ಬೇಡವೆನ್ನಿಸಿಕೊಳ್ಳುವ ಸ್ಥಿತಿಯಲ್ಲಿ, ವೈನಿನ ಕಲೆಯಾದ ಜುಬ್ಬದಲ್ಲಿ ಕೂತಿದ್ದೆ. ಮಗಳು ಕಣ್ಣೊರೆಸಿಕೊಂಡದ್ದು ನೆನಪಾಯಿತು.

"ನನ್ನಿಂದೇನಾಗಬೇಕು ಹೇಳಿ" ಎಂದೆ.

"ಬಿಟ್ಬಿಡ್ತೀನಿ ಅಂತ ಒಂದ್ ಮಾತು ಕೊಟ್ರೆ ಸಾಕು" ಎಂದರು ಗಿರಿಜಮ್ಮ, ಆಸ್ಪತ್ರೆಯ ನರ್ಸಿನಷ್ಟು ಮೃದುವಾಗಿ. "ಮನಸ್ಸು ಮಾಡಿದ್ರೆ ಆಗುತ್ತೆ ಮೇಷ್ಟ್ರೇ. ಎಷ್ಟೋ ಜನ ಬಿಟ್ಟವ್ರೆ."

ಎಂದೂ ಹಿಡಿಯದಿದ್ದದ್ದನ್ನು ಬಿಡುವುದು ಹೇಗೆಂದು ಯಾರನ್ನು ಕೇಳಲಿ? ಸರೋಜಳತ್ತ ತಿರುಗಿದೆ. ಅವಳು ಆಗಲೇ ಮಗಳಿಗೆ ವೀಡಿಯೋ ಕಾಲ್ ಹಚ್ಚಿ, ಫೋನನ್ನು ಹಿಂದಿನ ಕಿಟಕಿಯಲ್ಲಿ ಆನಿಸಿಟ್ಟಿದ್ದಳು.

ಎದ್ದು ನಿಂತೆ. ಗೋಡೆಗೆ ಒರಗಿದ್ದ ಮೂವರೂ ಸಾಲು ಸರಿಮಾಡಿಕೊಂಡರು. ಬಲಗೈ ಮುಂದೆ ಚಾಚಿದೆ.

"ಮದ್ಯವನ್ನು ಮುಟ್ಟುವುದಿಲ್ಲ" ಎಂದು ನನಗೆ ಸಾಧ್ಯವಾದಷ್ಟು ಮೆಲ್ಲಗೆ ಹೇಳಿದೆ.

ಕಿಟಕಿಯಿಂದ ನನ್ನ ಹಳೆಯ ವಿದ್ಯಾರ್ಥಿನಿ ಗುಡುಗಿದಳು:

"ಹಿಂದಿನ ಸಾಲಿಗೆ ಕೇಳಿಸ್ತಿಲ್ಲ ಸಾರ್, ಇನ್ನೊಂದ್ಸಲ!"

ಹೇಳಿದೆ. ತೋಟದ ಗೇಟಿನವರೆಗೂ ಕೇಳಿಸಿರಬೇಕು, ನಮ್ಮನ್ನು ಕರೆದೊಯ್ಯಲು ಬಂದು ನಿಂತಿದ್ದ ಆಟೋದವನು ಚಪ್ಪಾಳೆ ತಟ್ಟಿದ.